ಕುರಿಗಳ ಕೋಣೆಯಲ್ಲಿ ನೈರೀಯ ಜಾಕೆಟ್

ಐವತ್ತನಾಲ್ಕು ವರ್ಷ ಬದುಕಿದ ಮನುಷ್ಯ, ತಾನು ಬೆಚ್ಚಿಬೀಳಬೇಕಾದ ಸಂಗತಿಗಳಿಗೆಲ್ಲ ಬೆಚ್ಚಿಬಿದ್ದು ಮುಗಿದಿದೆ ಎಂದುಕೊಂಡಿರುತ್ತಾನೆ. ನಾನೂ ಹಾಗೆಯೇ ಎಂದುಕೊಂಡಿದ್ದೆ. ಅಂಥ ನಾನು ಕಳೆದ ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ತಲೆಗೊಂದು ಬಲೆಯ ಟೋಪಿ, ಗಡ್ಡಕ್ಕೊಂದು ಬಲೆ, ಕಾಲಿಗೆ ಬಿಳಿ ಗಂಬೂಟು ಹಾಕಿಕೊಂಡು, ನಮ್ಮೂರಿನ ಮಾಂಸದ ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿ, ಕೊಕ್ಕೆಗೆ ನೇತುಹಾಕಿದ ಹನ್ನೆರಡು ಕುರಿಗಳ ಎದುರಿಗೆ ಮಡಚುವ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಅರವತ್ತೆಂಟು ವರ್ಷದ ನೈರೀ ಟಲಕ್ ಪದಬಂಧ ಬಿಡಿಸುತ್ತಿದ್ದಳು. ಇಬ್ಬರ ಮೈಮೇಲೂ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದ್ದ ಹೊಸ ಜಾಕೆಟ್ಟುಗಳು.

"ಅಲ್ಲಾಡ್ಬೇಡ ಲೆಸ್ಟರ್," ಅಂದಳು. "ಅಲ್ಲಾಡಿದ್ರೆ ಮೈ ಬಿಸಿಯಾಗುತ್ತೆ. ಪರೀಕ್ಷೆ ಕೆಡುತ್ತೆ."

"ಉಸಿರಾಡ್ಬಹುದಾ?"

"ಆಡು. ಜಾಸ್ತಿ ಬೇಡ."

ಜಾಕೆಟ್ ಕೊಳ್ಳುವವರು ಸಾಮಾನ್ಯವಾಗಿ ಅಂಗಡಿಯ ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡು ತೀರ್ಮಾನ ಮಾಡುತ್ತಾರೆ. ನಾನು ಜೀವಮಾನವಿಡೀ ಮಾಡಿದ್ದು ಅದನ್ನೇ. ನೈರೀ ಹಾಗಲ್ಲ.

ಆಕೆ ಯಾರೆಂದು ನಮ್ಮ ಸೌತ್‌ಲ್ಯಾಂಡ್ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಇಲ್ಲಿ ನಲವತ್ತರೊಳಗಿನ ಯಾರನ್ನೇ ಹಿಡಿದು ಕೇಳಿ, ಆ ಬಸ್ಸಿನಲ್ಲಿ ಒಮ್ಮೆಯಾದರೂ ಆಕೆಯಿಂದ ಬೈಸಿಕೊಂಡಿರುತ್ತಾರೆ. ತೀರಿಕೊಂಡ ಗಂಡ ಕಾಲಿನ್‌ಗೆ ಬೆಟ್ಟವೆಂದರೆ ಆಗುತ್ತಿರಲಿಲ್ಲ. ಆಕೆ ಬೆಟ್ಟಕ್ಕೆ ಹೋಗುವುದು, ತಾನು ಮನೆಯಲ್ಲಿ ಕೂತು ರೇಡಿಯೋದಲ್ಲಿ ರಗ್ಬಿ ಕೇಳುವುದು, ಇದೇ ತಮ್ಮ ಸುಖ ಸಂಸಾರದ ಗುಟ್ಟು ಎಂದು ಆತ ಊರಿಗೆಲ್ಲ ಸಾರುತ್ತಿದ್ದ. ನಮ್ಮ ಚಾರಣ ಸಂಘದಲ್ಲಿ ಇಪ್ಪತ್ತಾರು ಜನ ಇದ್ದೇವೆ. ಬೇರೆ ಯಾರೂ ಒಪ್ಪದ್ದರಿಂದ ನಾನು ಕಾರ್ಯದರ್ಶಿ. ಆದರೆ ಸಂಘ ಎಂದರೆ ನೈರೀ. ಭೂಮಿಯ ದಕ್ಷಿಣ ತುದಿಯ ನಮ್ಮಲ್ಲಿ ನಡು ಚಳಿಗಾಲವಾದ ಜೂನ್‌ನಲ್ಲಿ, ಪ್ರತಿ ವರ್ಷ, ಅತಿ ಗಿಡ್ಡ ಹಗಲಿನ ಆಸುಪಾಸಿನ ಶನಿವಾರ, ಟಾಕಿಟಿಮು ಬೆಟ್ಟದ ತಗಡಿನ ಗುಡಿಸಲಿಗೆ ನಮ್ಮನ್ನೆಲ್ಲ ಹೊಡೆದುಕೊಂಡು ಹೋಗುವವಳು ಆಕೆಯೇ. ಸತತವಾಗಿ ಇಪ್ಪತ್ತೊಂಬತ್ತು ಚಳಿಗಾಲ ಹಾಗೆ ಹೋಗಿತ್ತು. ಈ ಸಲದ್ದು ಮೂವತ್ತನೆಯದು.

ಮೂವತ್ತು ತುಂಬಿಸಿಯೇ ತೀರಬೇಕೆಂಬುದು ಆಕೆಗೆ ಎಂಥ ಹಟವಾಗಿತ್ತೆಂದರೆ, ಗುಡಿಸಲಿಗೆ ಬಂದವರು ಹೆಸರು ಬರೆಯುವ ಪುಸ್ತಕದಲ್ಲಿ ತನ್ನ ಸಾಲು ಹೇಗಿರಬೇಕೆಂದು ಜನವರಿಯಲ್ಲೇ ನನಗೆ ಹೇಳಿಬಿಟ್ಟಿದ್ದಳು. 'ನೈರೀ ಟಲಕ್, ಮೂವತ್ತನೆಯ ಸಲ, ಮಳೆ.' ಮಳೆ ಬರದಿದ್ದರೆ ಎಂದು ಕೇಳಿದ್ದಕ್ಕೆ, ನೀನು ಈ ಊರಿಗೆ ಹೊಸಬನಾ ಎಂದು ಕೇಳಿದಳು.

ಬೆಟ್ಟ ಹತ್ತುವ ಮುಂಚೆ ರಸ್ತೆಯ ತುದಿಯಲ್ಲಿ ಆಕೆಯದೊಂದು ಪರೀಕ್ಷೆ ಇದೆ. ಮೊದಲು ಎಲ್ಲರೂ ತಮ್ಮ ಬೆಚ್ಚನೆಯ ಜಾಕೆಟ್ ಹಾಕಿಕೊಂಡು ಒದ್ದೆ ಹುಲ್ಲಿನ ಮೇಲೆ ಹತ್ತು ನಿಮಿಷ ಅಲ್ಲಾಡದೆ ಕೂರಬೇಕು. ಆಮೇಲೆ ನೈರೀ ಸಾಲಾಗಿ ಬಂದು ಒಬ್ಬೊಬ್ಬರದೇ ಕೈ ಕುಲುಕುತ್ತಾಳೆ. ಕೈಗವಸು ಹಾಕಿರಕೂಡದು. ಬೆಚ್ಚಗಿದ್ದರೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾಳೆ. ತಣ್ಣಗಿದ್ದರೆ ಎರಡೇ ಮಾತು: "ಮನೆಗೆ ಹೋಗು." ವಾದ ಇಲ್ಲ, ಮೇಲ್ಮನವಿ ಇಲ್ಲ. ಒಮ್ಮೆ ಸ್ವಂತ ತಮ್ಮ ಮರ್ವ್‌ನನ್ನೇ ಕಳಿಸಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ನನ್ನನ್ನೂ ಕಳಿಸಿದ್ದಳು. ನಾನಾಗ ಪೆಟ್ರೋಲ್ ಬಂಕಿನಲ್ಲಿ ಕೊಂಡ ಮಿರಮಿರನೆ ಮಿಂಚುವ ನೀಲಿ ಜಾಕೆಟ್ ಹಾಕಿಕೊಂಡು, ಸಿನಿಮಾದ ನಾಯಕನ ಹಾಗೆ ನಿಂತಿದ್ದೆ. ಆಕೆ ಕೈ ಮುಟ್ಟಿದಳು. ನಾನು ಕಾರಿಗೆ ವಾಪಸ್ಸು ಬಂದು, ಎರಡು ದಿನಕ್ಕೆಂದು ಕಟ್ಟಿಕೊಂಡಿದ್ದ ತಿಂಡಿಯನ್ನೆಲ್ಲ ಅಲ್ಲೇ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆ. ಹೆಂಡತಿ ಜೋಸಿ ಬಾಗಿಲು ತೆಗೆದು, "ಬೆಟ್ಟ ಮುಗೀತಾ ಇಷ್ಟು ಬೇಗ?" ಎಂದಳು. ಈಗಲೂ ಅನ್ನುತ್ತಿರುತ್ತಾಳೆ.

ಹೊಸಬರು ಬಂದಾಗೆಲ್ಲ ನೈರೀ ಒಂದೇ ಪಾಠ ಹೇಳುತ್ತಿದ್ದಳು: "ಜಾಕೆಟ್ ಒಲೆ ಅಲ್ಲ ಕಣ್ರಪ್ಪಾ. ಅದು ಬರೀ ಮುಚ್ಚಳ. ಒಲೆ ನೀವು. ಒಲೆ ಉರೀದೆ ಇದ್ರೆ ಮುಚ್ಚಳ ತಗೊಂಡು ಏನ್ ಮಾಡ್ತೀರಿ?" ನಮಗೆಲ್ಲ ಅದು ಬಾಯಿಪಾಠ. ಬಾಯಿಪಾಠವಾದ ಮಾತು ತಲೆಯೊಳಗೆ ಇಳಿದಿರುವುದಿಲ್ಲ ಎಂದು ಶಾಲೆಯಲ್ಲಿ ಮರಗೆಲಸ ಕಲಿಸುವ ನನಗಾದರೂ ಗೊತ್ತಿರಬೇಕಿತ್ತು.

ಹೊಸ ಜಾಕೆಟ್ಟಿನ ಮಾತು ಶುರುವಾಗಿದ್ದು ಕಳೆದ ವರ್ಷದ ಗುಡಿಸಲಿನಲ್ಲಿ. ನಲವತ್ತು ವರ್ಷದ ಹಿಂದೆ ಆಕೆಯೇ ಹೊಲಿದುಕೊಂಡ ಕಿತ್ತಳೆ ಬಣ್ಣದ ಜಾಕೆಟ್ ಒಂದಿದೆ. ಒಂದು ಕಿಲೋ ಮೇಲೆ ಇನ್ನೂರು ಗ್ರಾಂ ತೂಕ, ಸೀಮೆಎಣ್ಣೆಯ ವಾಸನೆ. ಅದನ್ನು ಹಾಕಿಕೊಂಡೇ ರಾತ್ರಿಯೂಟದ ಹೊತ್ತಿಗೆ ಆಕೆ, "ಇದರೊಳಗಿನ ತುಪ್ಪಳ ಸತ್ತುಹೋಗಿದೆ. ಚಳಿ ತಡೀತಿಲ್ಲ. ಭಾರ ಬೇರೆ," ಎಂದಳು. ನಲವತ್ತು ವರ್ಷದ ಜಾಕೆಟ್ ಸಾಯುವುದು ಸಹಜ. ನಾವು ಅದಕ್ಕೊಂದು ನಿಮಿಷ ಮೌನ ಆಚರಿಸಿ ನಕ್ಕೆವು.

ಹಾಗಾಗಿ ಈ ಮೇ ತಿಂಗಳು ನಾವಿಬ್ಬರೂ ರಾವಿರಿಯ ಅಂಗಡಿಗೆ ಹೋದೆವು. ಟೆಂಟು, ಹಗ್ಗ, ಬೂಟುಗಳ ನಡುವೆ ರಾವಿರಿ ಬೆಟ್ಟದಂಥ ಆಳು. ನೈರೀಯನ್ನು ಕಂಡೊಡನೆ ಮಾತ್ರ ಆಕೆಯ ಬಸ್ಸಿನಲ್ಲಿ ಸಿಕ್ಕಿಬಿದ್ದು ಚೂಯಿಂಗ್ ಗಮ್ ನುಂಗಿದ ಹುಡುಗನ ಹಾಗೆ ಸೆಟೆದು ನಿಲ್ಲುತ್ತಾನೆ.

"ಆಂಟಿ, ಇದು ನೋಡಿ," ಎಂದು ಅರೆದ ಸಾಸಿವೆಯ ಮಾಸಲು ಹಳದಿ ಬಣ್ಣದ್ದೊಂದನ್ನು ತೆಗೆದ. "ಮುನ್ನೂರ ನಲವತ್ತು ಗ್ರಾಂ. ಸೊಂಟ ಪೂರ್ತಿ ಮುಚ್ಚುತ್ತೆ. ತಲೆಗೂ ಟೋಪಿ ಇದೆ. ಮಡಚಿದ್ರೆ ಒಂದು ಬ್ರೆಡ್ಡಿನಷ್ಟಾಗುತ್ತೆ."

"ಬಣ್ಣ ಏನೋ ಇದು? ಮಗೂಗೆ ಹೊಟ್ಟೆ ಕೆಟ್ಟಂಗಿದೆ."

"ಹಿಮದಲ್ಲಿ ಕಳೆದುಹೋದ್ರೆ ಬೇಗ ಕಾಣುತ್ತೆ ಆಂಟಿ."

"ನಾನ್ಯಾಕೆ ಕಳೆದುಹೋಗ್ಲಿ? ಇವನು ಹೋಗ್ತಾನೆ," ಎಂದು ನನ್ನ ಕಡೆ ಬೆರಳು ಮಾಡಿದಳು. "ಒಳಗೇನಿದೆ? ತುಪ್ಪಳಾನಾ?"

"ಅಲ್ಲ, ಕೃತಕ ನಾರು. ಬಾತುಕೋಳಿ ತುಪ್ಪಳದ್ದು ಇನ್ನೂ ಹಗುರ, ಇನ್ನೂ ಬೆಚ್ಚಗೆ. ಆದ್ರೆ ಒಂದ್ಸಲ ನೆಂದ್ರೆ ಮುದ್ದೆ ಆಗಿ ಕೂತುಬಿಡುತ್ತೆ. ಇದನ್ನ ಹಿಂಡಿ ಹಾಕ್ಕೊಂಡ್ರೂ ನಡೆಯುತ್ತೆ. ನಮ್ಮ ಮಳೆಗೆ ಇದೇ ಸರಿ."

"ಬಾತುಕೋಳಿ ದಿನಾ ನೀರಲ್ಲೇ ಅಲ್ವೇನೋ ಇರೋದು? ಅದಕ್ಕೆ ಚಳಿ ಆಗಲ್ವಾ?"

"ಬಾತುಕೋಳಿ ಬದುಕಿರುತ್ತಲ್ಲ ಆಂಟಿ," ಎಂದ ರಾವಿರಿ.

ನಾವು ಮೂವರೂ ನಕ್ಕೆವು. ಆ ನಗುವನ್ನು ನೆನೆದರೆ ನನಗೆ ಈಗ ನಾಚಿಕೆಯಾಗುತ್ತದೆ.

ಅಂಗಡಿಯವನ ಮಾತು ನಂಬಿ ಕೊಳ್ಳುವ ಜನ ನಾವಲ್ಲ. ಮರ್ವ್ ಮಾಂಸದ ಕಾರ್ಖಾನೆಯಲ್ಲಿ ತಣ್ಣನೆ ಕೋಣೆಗಳ ಮೇಲ್ವಿಚಾರಕ. ಸೀಸನ್ ಮುಗಿಯುತ್ತ ಬಂದು ಒಂದು ಕೋಣೆ ಹೆಚ್ಚುಕಡಿಮೆ ಖಾಲಿಯಿತ್ತು. ಒಳಗೆ ಎರಡು ಡಿಗ್ರಿ. "ಬೆಟ್ಟದ ಗುಡಿಸಲಿಗಿಂತ ಬೆಚ್ಚಗಿದೆ, ಇಲಿಗಳೂ ಇಲ್ಲ," ಎಂದು ಮರ್ವ್ ಬಾಗಿಲು ತೆಗೆದುಕೊಟ್ಟ. ರಾವಿರಿಯಿಂದ ಎರವಲು ತಂದ ಜಾಕೆಟ್ಟುಗಳನ್ನು ಹಾಕಿಕೊಂಡು ನಲವತ್ತು ನಿಮಿಷ ಕೂರುವುದು, ಆಮೇಲೆ ತೀರ್ಪು ಹೇಳುವುದು. ಪ್ರತಿ ಮಂಗಳವಾರ, ಶಾಲೆಯಲ್ಲಿ ನನಗೆ ಬೆಳಗಿನ ಪಾಠ ಇಲ್ಲದ ದಿನ. ಮರ್ವ್ ಕುರಿ ತೂಗುವ ತಕ್ಕಡಿಯಲ್ಲೇ ಜಾಕೆಟ್ ತೂಗಿ, ಮುಳ್ಳು ಅಲ್ಲಾಡುವುದೇ ಇಲ್ಲವೆಂದು ಗೊಣಗುತ್ತಿದ್ದ.

ಮೊದಲ ಮಂಗಳವಾರ ಆಕೆ ಹಾಕಿದ್ದು ಸಾಸಿವೆ ಬಣ್ಣದ್ದು. ಇಪ್ಪತ್ತೇ ನಿಮಿಷಕ್ಕೆ ಪದಬಂಧ ಮಡಚಿದಳು.

"ರದ್ದಿ. ಹೊಲಿಗೆ ಸಂದೀಲಿ ಗಾಳಿ ನುಗ್ಗುತ್ತೆ."

"ಗಾಳಿ ಎಲ್ಲಿದೆ ನೈರೀ? ಮುಚ್ಚಿದ ಕೋಣೆ ಇದು," ಎಂದೆ. ನನ್ನ ಮೈಮೇಲಿದ್ದ ಬೇರೆ ಜಾಕೆಟ್ಟಿನೊಳಗೆ ನಾನು ಹಾಯಾಗಿದ್ದೆ.

"ನಿಂಗೇನಪ್ಪ. ಹೊಟ್ಟೆ ಮೇಲೇ ಇನ್ನೊಂದು ಜಾಕೆಟ್ ಬೆಳೆಸ್ಕೊಂಡಿದೀಯ."

ಇದು ನಿಜವೇ ಆಗಿತ್ತು. ಎರಡನೆಯ ವಾರ ಹೆಬ್ಬಾತಿನ ತುಪ್ಪಳದ್ದು ತಂದೆವು. ಗಾಳಿ ತುಂಬಿದ ದಿಂಬಿನ ಹಾಗೆ ಉಬ್ಬಿತ್ತು. ರಾವಿರಿಯ ಅಂಗಡಿಯಲ್ಲಿ ಅದಕ್ಕಿಂತ ಬೆಚ್ಚನೆಯದು ಇರಲಿಲ್ಲ. ಆಕೆ ಅದನ್ನೂ ರದ್ದಿ ಎಂದಳು. ಕತ್ತುಪಟ್ಟಿ ಸಡಿಲವಂತೆ. ಇನ್ನೊಂದರ ಜಿಪ್ಪು ತಣ್ಣಗಂತೆ. ಸುದ್ದಿ ಕೇಳಿದ ರಾವಿರಿ ತಲೆಯ ಮೇಲೆ ಕೈ ಇಟ್ಟುಕೊಂಡ: "ಅಂಟಾರ್ಕ್ಟಿಕಾಕ್ಕೆ ಹೋಗೋರು ಹಾಕ್ಕೊಳ್ಳೋದು ಲೆಸ್ಟರ್ ಅದು! ಆಂಟಿಗೆ ಅದರಲ್ಲೂ ಚಳೀನಾ?"

ಅದೇ ತಿಂಗಳು ಸಂಘದ ಸಭೆಯಲ್ಲಿ ಆಕೆ ಕೂತಲ್ಲೇ ನಿದ್ದೆ ಹೋದಳು. ನಾನು ವರದಿ ಓದುತ್ತಿದ್ದುದರಿಂದ ಯಾರಿಗೂ ಅಸಹಜ ಅನ್ನಿಸಲಿಲ್ಲ. ಗಂಟಲು ಗೊಗ್ಗರಾಗಿತ್ತು, ಬಸ್ಸಿನಲ್ಲಿ ಕೂಗಿದ ಸಾಲವೆಲ್ಲ ಈಗ ತೀರುತ್ತಿದೆ ಎಂದು ಆಕೆಯೇ ಜೋಕು ಮಾಡಿದಳು. ಬೆನ್ನಿನ ಚೀಲ ಭಾರ, ಮೆಟ್ಟಿಲು ಉದ್ದ, ಹುಬ್ಬು ಅರ್ಧ ಉದುರಿದೆ. ಒಂದೊಂದಕ್ಕೂ ನಮ್ಮಲ್ಲಿ ಯಾರೋ ಒಬ್ಬರ ಬಳಿ ಒಂದು ತಮಾಷೆ ಸಿದ್ಧವಿತ್ತು. ಹೆಚ್ಚಿನವು ನನ್ನವೇ.

ಮೂರನೆಯ ಮಂಗಳವಾರಕ್ಕೆ ನನಗೆ ಬುದ್ಧಿವಂತಿಕೆ ಬಂತು. ಬರಬಾರದಿತ್ತೇನೋ. "ಇಬ್ಬರೂ ಒಂದೇ ಥರದ್ದು ಹಾಕ್ಕೊಳ್ಳೋಣ. ಆಗ ಹೊಲಿಗೆ, ಜಿಪ್ಪು ಅಂತ ನೆಪ ಹೇಳೋಕಾಗಲ್ಲ," ಎಂದೆ. ಸಾಸಿವೆ ಬಣ್ಣದ್ದೇ ಎರಡು ತಂದೆವು, ಆಕೆಯ ಅಳತೆಯದೊಂದು, ನನ್ನ ಹೊಟ್ಟೆಯ ಅಳತೆಯದೊಂದು. ನಾನು ಶುರುವಿನಲ್ಲಿ ಹೇಳಿದ ಮಂಗಳವಾರ ಇದೇ.

ನಲವತ್ತು ನಿಮಿಷ ಆಯಿತು. ನನ್ನ ಕಂಕುಳಲ್ಲಿ ಬೆವರು. ಆಕೆ ಪದಬಂಧದ ಒಂದೇ ಮನೆಯನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಮರ್ವ್ ಬಾಗಿಲು ತಳ್ಳಿಕೊಂಡು ಬಂದು, "ಏನಕ್ಕಾ, ಇವತ್ತು ಯಾವ ಜಾಕೆಟ್ ಕೊಂದೆ?" ಎಂದ.

ನಾನು ಎದ್ದು ನಿಂತು, ರಸ್ತೆಯ ತುದಿಯಲ್ಲಿ ಆಕೆ ನಿಲ್ಲುವ ಭಂಗಿಯಲ್ಲೇ ಸೊಂಟಕ್ಕೊಂದು ಕೈ ಇಟ್ಟುಕೊಂಡು, ಆಕೆಯ ದನಿಯನ್ನೇ ಅಣಕಿಸಿದೆ: "ಎಲ್ಲಿ, ಕೈ ಕೊಡಮ್ಮ. ಹತ್ತೊಂಬತ್ತು ವರ್ಷದಿಂದ ಕಾಯ್ತಿದೀನಿ."

ನೈರೀ ನಗುತ್ತ ಕೈ ಚಾಚಿದಳು. ನಾನು ಹಿಡಿದೆ.

ಹಿಡಿದವನು ಬಿಟ್ಟುಬಿಟ್ಟೆ. ಬಿಸಿ ಪಾತ್ರೆ ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗೆ ಎಳೆದುಕೊಂಡೆ. ಆ ಕೈಗೆ ಚಳಿ ಹತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅದರೊಳಗೆ ಬಿಸಿ ಎಂಬುದೇ ಇರಲಿಲ್ಲ. ಒಳಗೆ ಬರುವಾಗ ಕಾಲು ಜಾರಿ ಒಂದು ಕುರಿಯ ತೊಡೆಯನ್ನು ಹಿಡಿದುಕೊಂಡಿದ್ದೆ. ಆ ಮುಟ್ಟಿಗೂ ಈ ಮುಟ್ಟಿಗೂ ನನ್ನ ಅಂಗೈಗೆ ವ್ಯತ್ಯಾಸ ತಿಳಿಯಲಿಲ್ಲ.

ನನ್ನ ಮುಖ ನೋಡಿ ಮರ್ವ್ ತಾನೂ ಅಕ್ಕನ ಕೈ ಹಿಡಿದ. ಮೂವತ್ತು ವರ್ಷ ತಣ್ಣನೆಯ ಮಾಂಸ ಮುಟ್ಟಿದ ಮನುಷ್ಯ. ಅವನ ತುಟಿಯ ಮೇಲಿದ್ದ ಜೋಕು ಅಲ್ಲೇ ನಿಂತಿತು.

"ಅಕ್ಕಾ," ಎಂದ, ಅಷ್ಟೇ.

"ಜಾಕೆಟ್ ಸರಿ ಇಲ್ಲ ಅಂತ ಹೇಳ್ತಾನೇ ಇದೀನಲ್ಲ," ಎಂದಳು ನೈರೀ.

"ನಾನೂ ಅದೇ ಹಾಕ್ಕೊಂಡಿದೀನಿ," ಎಂದು ನನ್ನ ಕೈಯನ್ನು ಅವಳ ಕೆನ್ನೆಗೆ ಒತ್ತಿದೆ. ಒಲೆಯ ಪಕ್ಕದಿಂದ ಎದ್ದು ಬಂದವನ ಕೈಯ ಹಾಗೆ ಸುಡುತ್ತಿತ್ತು ಅದು. ಆಕೆ ನನ್ನ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಪಾಠ ಆಗ ಆಕೆಯ ಮುಖದ ಮೇಲೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

"ಮುಚ್ಚಳ ಸರಿ ಇದೆ," ಎಂದಳು ನಿಧಾನವಾಗಿ.

ತಣ್ಣಗಿಡುವ ಯಂತ್ರ ಗುಂಯ್ ಎನ್ನುತ್ತಿತ್ತು.

"ರಸ್ತೆ ತುದೀಲಿ ಇಂಥ ಕೈ ಸಿಕ್ಕಿದ್ರೆ ನಾನೇನ್ ಮಾಡ್ತೀನಿ ಲೆಸ್ಟರ್?"

"ಮೊದ್ಲು ಇಲ್ಲಿಂದ ಆಚೆ ಹೋಗೋಣ ನಡಿ."

"ಕೇಳಿದ್ದಕ್ಕೆ ಹೇಳು."

ಮರ್ವ್‌ನ ಕೋಟು ಹೊದಿಸಿ, ಕಾರಿನ ಹೀಟರ್ ಪೂರ್ತಿ ತಿರುಗಿಸಿ, ಅಲ್ಲಿಂದ ನೇರ ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋದೆ. ಗಡ್ಡದ ಬಲೆ ತೆಗೆಯುವುದು ಮರೆತಿತ್ತು. ಅಲ್ಲಿ ಕಾಯುತ್ತ ಕೂತಿದ್ದವರಲ್ಲಿ ಇಬ್ಬರು ನನ್ನಿಂದ ದೂರದ ಕುರ್ಚಿಗೆ ಎದ್ದುಹೋದರು.

ರಕ್ತದ ವರದಿ ಎರಡು ದಿನದ ಮೇಲೆ ಬಂತು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ, ಮೈಯ ಒಲೆಗೆ ಗಾಳಿ ಊದುವ ತಿದಿಯಂಥದ್ದು, ವರ್ಷದ ಮೇಲಿಂದ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು. ನಿದ್ದೆ, ಗೊಗ್ಗರು ಗಂಟಲು, ಉದುರಿದ ಹುಬ್ಬು, ಭಾರದ ಚೀಲ ಎಲ್ಲವೂ ಅದರದೇ.

"ಈ ಅಂಕಿ ಇಟ್ಕೊಂಡು ನೀವು ಹಾಸಿಗೆ ಹಿಡಿದಿರ್ಬೇಕಿತ್ತು," ಎಂದರು ಡಾಕ್ಟರಮ್ಮ. "ಚಳಿಗೆ ಮೈಯೊಡ್ಡಬಾರದು. ಹೋದ ವಾರಗಳಲ್ಲಿ ಎಲ್ಲಾದ್ರೂ ತಣ್ಣನೆ ಜಾಗಕ್ಕೆ ಹೋಗಿದ್ರಾ?"

"ಕುರಿ ಇಡೋ ಕೋಣೇಲಿ ಕೂತಿದ್ದೆ. ಮೂರು ಸಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಜೋಸಿಗೆ ವರ್ಣಿಸಿದಾಗ ಆಕೆ, ತನಗೆ ಅದು ಮೂವತ್ತು ವರ್ಷದಿಂದ ಪರಿಚಯ ಎಂದಳು.

"ಜೂನ್ ಬೆಟ್ಟಕ್ಕೆ ಹೋಗ್ಬಹುದಾ?" ನೈರೀಗೆ ಬೇಕಿದ್ದುದು ಅದೊಂದೇ.

"ಮಾತ್ರೆ ಮೈಗೆ ಹತ್ತೋಕೆ ಆರೆಂಟು ವಾರ ಬೇಕು. ಜೂನ್ ಸಾಧ್ಯ ಇಲ್ಲ."

ನೈರೀ ತಲೆಯಾಡಿಸಿದಳು. ಆದರೆ ಜೂನ್‌ನ ಶನಿವಾರ ನಾವು ಹನ್ನೊಂದು ಜನ ರಸ್ತೆಯ ತುದಿಗೆ ಹೋಗಿ ನೋಡಿದರೆ ಆಕೆ ನಮಗಿಂತ ಮೊದಲೇ ಬಂದು ಒದ್ದೆ ಹುಲ್ಲಿನ ಮೇಲೆ ಕೂತಿದ್ದಳು. ಸಾಸಿವೆ ಬಣ್ಣದ ಜಾಕೆಟ್, ಬೆನ್ನಿಗೆ ತುಂಬಿದ ಚೀಲ.

"ಡಾಕ್ಟರು ಅವರಿಗೆ ತಿಳಿದದ್ದು ಹೇಳಿದ್ರು. ನಮ್ಮ ಪರೀಕ್ಷೆ ಬೇರೆ," ಎಂದಳು. "ಎಲ್ಲರೂ ಕೂತ್ಕೊಳ್ಳಿ. ಹತ್ತು ನಿಮಿಷ."

ಕೂತೆವು. ಆಕೆ ಎದ್ದು ಬಂದು ಹನ್ನೊಂದು ಕೈ ಕುಲುಕಿದಳು. ಎಲ್ಲರೂ ಪಾಸು. ಕೊನೆಗೆ ನನ್ನ ಮುಂದೆ ನಿಂತು, "ಈಗ ನನ್ನದು ನೋಡು. ಕಾರ್ಯದರ್ಶಿ ಅಲ್ವಾ?" ಎಂದು ಕೈ ಚಾಚಿದಳು.

ಆ ಕೈ ಮಾಂಸದ ಕೋಣೆಯಲ್ಲಿದ್ದಷ್ಟು ತಣ್ಣಗಿರಲಿಲ್ಲ. ಪೂರ್ತಿ ಬೆಚ್ಚಗೂ ಇರಲಿಲ್ಲ. ಪರವಾಗಿಲ್ಲ ಎನ್ನಬಹುದಿತ್ತು, ಹತ್ತು ಜನ ನಾನು ಹಾಗೆ ಹೇಳಲೆಂದೇ ಉಸಿರು ಹಿಡಿದು ನಿಂತಿದ್ದರು. ಆಕೆಯ ಮೂವತ್ತನೆಯ ಚಳಿಗಾಲ ನನ್ನ ಅಂಗೈಯೊಳಗಿತ್ತು. ನಾನು ಜೀವಮಾನದಲ್ಲಿ ಯಾರಿಗೂ ಯಾವುದನ್ನೂ ಖಡಾಖಂಡಿತ ಹೇಳಿದವನಲ್ಲ. ಶಾಲೆಯಲ್ಲಿ ಮೂರು ಕಾಲಿನ ಸ್ಟೂಲಿಗೂ ಪಾಸು ಮಾರ್ಕು ಕೊಟ್ಟವನು.

"ಮನೆಗೆ ಹೋಗು," ಎಂದೆ.

ಹೇಳಿದ್ದು ನಾನೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ನೈರೀ ಮುಂದಾಳು ಹಾಕಿಕೊಳ್ಳುವ ಸೀಟಿಯನ್ನು ತನ್ನ ಕತ್ತಿನಿಂದ ಬಿಚ್ಚಿ ನನ್ನ ಕತ್ತಿಗೆ ಹಾಕಿದಳು. "ಎಡಗಡೆ ದಾರಿ ಹಿಡಿ, ತೊರೆ ಉಕ್ಕಿದ್ರೆ ದಾಟ್ಬೇಡ," ಎಂದು ಹೇಳಿ ಕಾರಿನ ಕಡೆ ನಡೆದಳು. ವಾದ ಇಲ್ಲ, ಮೇಲ್ಮನವಿ ಇಲ್ಲ. ನಾನು ಆ ದಿನ ಬಲಗಡೆಯ ದಾರಿ ಹಿಡಿದು ಎಲ್ಲರನ್ನೂ ಎರಡು ಗಂಟೆ ಜವುಗಿನಲ್ಲಿ ನಡೆಸಿದೆನೆಂಬುದು ಬೇರೆ ವಿಚಾರ. ಗುಡಿಸಲಿನ ಪುಸ್ತಕದಲ್ಲಿ ಆಕೆಯ ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟು ಬಂದೆವು.

ಜುಲೈ ಪೂರ್ತಿ ಆಕೆ ನನ್ನೊಡನೆ ಮಾತಾಡಲಿಲ್ಲ. ಆಗಸ್ಟ್ ಎರಡನೆಯ ವಾರ ಫೋನು ಬಂತು. ಗಂಟಲಿನ ಗೊಗ್ಗರು ಹೋಗಿತ್ತು. ಬಸ್ಸಿನ ಕಾಲದ ದನಿ.

"ಶನಿವಾರ ಎಂಟಕ್ಕೆ, ರಸ್ತೆ ತುದೀಲಿ. ಎಲ್ಲರಿಗೂ ಹೇಳು. ಮೇಲೆ ಮೊಣಕಾಲುದ್ದ ಹಿಮ ಇದೆಯಂತೆ. ಚಳಿಗಾಲ ಇನ್ನೂ ಮುಗಿದಿಲ್ಲ."

ಶುಕ್ರವಾರದಿಂದಲೇ ನನಗೆ ಊಟ ಸೇರಲಿಲ್ಲ. ಮತ್ತೆ ಆ ಕೈ ಹಿಡಿಯಬೇಕಲ್ಲ ಎಂಬ ದಿಗಿಲು. ಈ ಸಲವೂ ತಣ್ಣಗಿದ್ದರೆ ಆ ಎರಡು ಮಾತು ಹೇಳಲು ನನ್ನಿಂದಾಗದು ಎಂದು ಜೋಸಿಗೆ ಹೇಳಿದೆ. ಶನಿವಾರ ಬೆಳಿಗ್ಗೆ ತಿಂಡಿಯನ್ನೂ ಮುಟ್ಟದೆ ಹೊರಟೆ. ಹತ್ತು ನಿಮಿಷ ಹುಲ್ಲಿನ ಮೇಲೆ ಕೂತೆವು. ಈ ಸಲ ಆಕೆ ಸಾಲಿನ ಮೊದಲಿಗೇ ನನ್ನ ಬಳಿ ಬಂದು ಕೈ ಚಾಚಿದಳು.

ಬೆಚ್ಚಗಿತ್ತು. ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ಬೆಚ್ಚಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆ ಕೈ ಬಿಡಲಿಲ್ಲ. ನನ್ನ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಲೆಸ್ಟರ್, ಇದೇನು? ಮೀನು ಹಿಡಿದಂಗಿದೆಯಲ್ಲ!"

"ಅದು... ಹೆದರಿಕೆಗೆ..."

"ಬೆಳಿಗ್ಗೆ ಏನು ತಿಂದೆ?"

ನಾನು ಇನ್ನೊಂದು ಕೈಯನ್ನು ಜೇಬಿಗೆ ತೂರಿಸಿದೆ.

"ಒಲೆಗೆ ಸೌದೆ ಹಾಕ್ದೆ ಬಂದಿದಾನೆ ಕಾರ್ಯದರ್ಶಿ!" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು. ಮರ್ವ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಕೆ ಚೀಲದಿಂದ ಸುಟ್ಟ ಚೀಸ್ ರೋಲ್‌ಗಳ ಪೊಟ್ಟಣ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಮೂರು ತಿನ್ನು. ಇನ್ನೂ ಹತ್ತು ನಿಮಿಷ ಕೂತ್ಕೋ. ಆಮೇಲೂ ಹಿಂಗೇ ಇದ್ರೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಲ್ಲ?"

ಗೊತ್ತಿತ್ತು. ಮೂರಲ್ಲ, ನಾಲ್ಕು ತಿಂದೆ. ಹತ್ತು ನಿಮಿಷ ಅಲ್ಲಾಡದೆ ಕೂತೆ. ಹನ್ನೊಂದು ಜನ ಚೀಲ ಬೆನ್ನಿಗೇರಿಸಿಕೊಂಡು ನನಗಾಗಿ ಚಳಿಯಲ್ಲಿ ನಿಂತಿದ್ದರು. ಆಕೆ ಮತ್ತೆ ಬಂದು ಕೈ ಹಿಡಿದು, ಬೇಕೆಂದೇ ಬಹಳ ಹೊತ್ತು ಯೋಚಿಸಿ, ಕೊನೆಗೆ ನನ್ನ ಕತ್ತಿನಿಂದ ಸೀಟಿ ಬಿಚ್ಚಿಕೊಂಡಳು.

"ನಡಿ," ಎಂದಳು.

ಎಡಗಡೆಯ ದಾರಿಯಲ್ಲಿ ಆ ಸಾಸಿವೆ ಬಣ್ಣ ಎಲ್ಲರಿಗಿಂತ ಮುಂದೆ, ಹಿಮದ ಮೇಲೆ ಬಹಳ ದೂರದವರೆಗೂ ಕಾಣುತ್ತಿತ್ತು.